ಮಗು ಕಂಕುಳಲ್ಲಿರುವ ತನಕ

ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ಒಂದು ಡಿಗ್ರಿ ಇದೆ, ತಾನು ಅದಕ್ಕೆ ಸೇರಿದ್ದೇನೆ ಎಂದು ಜ್ಯೋತಿಲಕ್ಷ್ಮಿ ಹೇಳಿದ ದಿನ ಅವಳ ಅತ್ತೆ ಚನ್ನಮಲ್ಲಮ್ಮ ಮುದ್ದೆ ತಿರುವುತ್ತಿದ್ದ ಕೋಲನ್ನು ಹಾಗೇ ಬಿಟ್ಟು ನಕ್ಕಳು. "ಏಳು ಹೆತ್ತು ಐದು ಉಳಿಸ್ಕಂಡಿವ್ನಿ ಕಣಮ್ಮ, ನಂಗ್ಯಾವನೂ ಡಿಗ್ರಿ ಕೊಡ್ಲಿಲ್ವಲ್ಲ!" ಎಂದು ಕೊರಟಗೆರೆಯ ಆ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು. ನಗಲಿ ಬಿಡಿ. ನಗುವವರಿಗೆ ಪರೀಕ್ಷೆ ಇಲ್ಲವಲ್ಲ. ಜ್ಯೋತಿಗೆ ಪರೀಕ್ಷೆಯೂ ಇತ್ತು, ಅದರ ಮೇಲೆ ವಾರಕ್ಕೆ ಆರು ದಿನ ದುಡಿಮೆಯೂ ಇತ್ತು.

ಕೆಲಸ ಮಧುಗಿರಿಯ ಹೊರಗಿನ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ. ಬಟ್ಟೆ ಹೊಲಿಯುವುದಲ್ಲ, ಹೊಲಿಯುವವರ ಮಕ್ಕಳನ್ನು ನೋಡಿಕೊಳ್ಳುವುದು. ಫ್ಯಾಕ್ಟರಿಯ ಹಿಂದುಗಡೆ ತಗಡಿನ ಸೂರಿನ ಒಂದು ಕೋಣೆ, ಅದಕ್ಕೆ ಕ್ರೆಷ್ ಎಂದು ಹೆಸರು. ಅಲ್ಲಿ ಅರ್ಧ ದಿನ ಕೂತವರು ಮಕ್ಕಳ ವಿಷಯದಲ್ಲಿ ಕವಿತೆ ಬರೆಯುವುದನ್ನು ನಿಲ್ಲಿಸುತ್ತಾರೆ. ಕಚ್ಚುತ್ತವೆ, ಪರಚುತ್ತವೆ, ಜುಟ್ಟು ಹಿಡಿದು ಒಂದನ್ನೊಂದು ಗೋಡೆಗೆ ಜಪ್ಪುತ್ತವೆ. ಅವುಗಳದೇನು ತಪ್ಪು? ಹೊಲಿಗೆಯ ಲೈನಿನಲ್ಲಿ ಸೂಪರ್‌ವೈಸರು ಬಟ್ಟೆಯ ಕಟ್ಟನ್ನು ತಾಯಿಯ ಮುಖಕ್ಕೆ ಎಸೆಯುತ್ತಾನೆ. ಊಟದ ಹೊತ್ತಿಗೆ ತಾಯಿ ಬಂದು ಅನ್ನ ತಿನ್ನದ ಮಗುವಿನ ಬೆನ್ನಿಗೆ ಬಿಗಿಯುತ್ತಾಳೆ. ತಾಯಿ ಅತ್ತ ಹೋದ ಮೇಲೆ ಆ ಮಗು ತನಗಿಂತ ಚಿಕ್ಕದನ್ನು ಹುಡುಕಿಕೊಂಡು ಹೋಗುತ್ತದೆ.

ಇದನ್ನು ದಿನಾ ನೋಡಿ ನೋಡಿ ಜ್ಯೋತಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಆಯಾಳ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಡಿಗ್ರಿ ಕೈಗೆ ಬಂದರೆ ಆ ಕೋಣೆಗೆ ಅವಳೇ ಇನ್‌ಚಾರ್ಜ್. ಹೊಡೆಯಲು ಕೈ ಎತ್ತಿದವಳನ್ನು ಬಾಗಿಲಲ್ಲೇ ತಡೆಯಬಹುದು. ಅಷ್ಟಕ್ಕೋಸ್ಕರ ಈ ಒದ್ದಾಟ. ಮಕ್ಕಳು ಮಲಗಿದಾಗ ಒಂದಿಷ್ಟು ಓದು, ಬಸ್ಸಿನಲ್ಲಿ ಒಂದಿಷ್ಟು, ಭಾನುವಾರ ಶಿರಾದಲ್ಲಿ ಕ್ಲಾಸು.

ಆ ವರ್ಷದ ಪ್ರಾಜೆಕ್ಟು ಕೊಟ್ಟವರು ನಂದೀಶ್ವರಯ್ಯ ಮೇಷ್ಟ್ರು. ಒಂದು ಮಗುವನ್ನು ಅದರ ಮನೆಯ ಬಳಿಯಲ್ಲೇ ಬೆಳಗಿನಿಂದ ಮಧ್ಯಾಹ್ನದ ತನಕ ದೂರದಿಂದ ಗಮನಿಸಬೇಕು. ಮಾತಾಡಿಸಬಾರದು, ಮುಟ್ಟಬಾರದು. "ಮುಖ್ಯವಾಗಿ ಮನೇಲಿರೋರಿಗೆ ಮುಂಚೆ ತಿಳಿಸಬೇಡ್ರಮ್ಮಾ" ಎಂದರು ಮೇಷ್ಟ್ರು. "ತಿಳಿಸಿದ್ರೆ ಮಗೂಗೆ ಪೌಡರ್ ಬಳಿದು, ಹೊಸಾ ಫ್ರಾಕು ಹಾಕಿ, ಪದ್ಯ ಹೇಳಿಸೋಕೆ ಕೂರಿಸ್ತಾರೆ. ನೀವು ನೋಡೋದು ಮಗೂನಲ್ಲ, ಬೊಂಬೇನ." ಕ್ಲಾಸೆಲ್ಲ ನಕ್ಕಿತು. ಗುರುತಿಲ್ಲದ ಹೆಂಗಸೊಬ್ಬಳು ನಮ್ಮ ಹಟ್ಟಿಗಳಲ್ಲಿ ಸುಮ್ಮನೆ ಕೂತು ಬೇರೆಯವರ ಮಗುವನ್ನು ದಿಟ್ಟಿಸಿದರೆ ಏನಾದೀತು ಎಂದು ಅಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ.

ಫ್ಯಾಕ್ಟರಿಯಲ್ಲಿ ಟೈಲರ್ ಆಗಿದ್ದ ಲಕ್ಷ್ಮೀದೇವಿ ತಾನಾಗಿಯೇ ಮುಂದೆ ಬಂದಳು. ಅವಳ ಗಂಡ ತೀರಿಹೋಗಿದ್ದ. ಮಧುಗಿರಿಯಲ್ಲಿ ನಾಲ್ಕಾರು ಹುಡುಗಿಯರ ಜೊತೆ ಅವಳು ಬಾಡಿಗೆಗಿದ್ದ ರೂಮಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳಲು ಓನರು ಬಿಡುತ್ತಿರಲಿಲ್ಲ. ಹಾಗಾಗಿ ಮೂರು ವರ್ಷದ ಮಗಳು ಲಿಖಿತಾ ಪಾವಗಡದ ಕಡೆ, ಬಲಸಮುದ್ರ ದಾಟಿದ ಮೇಲೆ ಸಿಗುವ ಕರೇಬಂಡೆಹಟ್ಟಿಯಲ್ಲಿ, ಅಜ್ಜಿ ಮುನಿಯಮ್ಮನ ಬಳಿ ಬೆಳೆಯುತ್ತಿದ್ದಳು. "ನೋಡ್ಕಂಡ್ ಬಾ ಜ್ಯೋತಕ್ಕ. ನಮ್ಮತ್ತೆಗೆ ನಾನು ಹೇಳಾಕಿಲ್ಲ" ಎಂದಳು ಲಕ್ಷ್ಮೀದೇವಿ. "ನಾನೋದಾಗ ಎಲ್ಲಾ ಚೆನ್ನಾಗೇ ಇರ್ತೈತೆ. ನಾನಿಲ್ದಾಗ ನನ್ ಮಗ್ಳು ಹೆಂಗಿರ್ತಾಳೆ ಅಂತ ನಂಗೂ ಗೊತ್ತಾಗ್ಲಿ."

ಕ್ಲಾಸಿಲ್ಲದ ಒಂದು ಭಾನುವಾರ ಜ್ಯೋತಿ ಹೊರಟಳು. ಬಸ್ಸಿನಲ್ಲಿ ಮುಂದಿನ ಸೀಟಿನವನ ಫೋನು ಜೋರಾಗಿ ಅರಚುತ್ತಿತ್ತು. ಯಾವುದೋ ಊರಲ್ಲಿ ಯಾರೋ ಒಬ್ಬಳನ್ನು ಮರಕ್ಕೆ ಕಟ್ಟಿ ಬಡಿಯುವ ವಿಡಿಯೋ. ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರಾಗಿರಿ ಎಂದು ಮೇಲೊಂದು ದನಿ. ಸುತ್ತಲಿನವರು ಕತ್ತು ಉದ್ದ ಮಾಡಿ ನೋಡಿದರು. "ಎಲ್ಲೀದಣ್ಣ ಇದು?" ಎಂದು ಯಾರೋ ಕೇಳಿದ್ದಕ್ಕೆ ಅವನು, "ಎಲ್ಲೀದಾದ್ರೇನು, ನಮ್ ಕಡೀಕೂ ಬಂದವ್ರಂತೆ. ಸಿಕ್ರೆ ಸಿಗುದ್ ಹಾಕ್ಬೇಕು" ಎಂದ. ಜ್ಯೋತಿ ಕಿಟಕಿಯ ಕಡೆ ತಿರುಗಿ ಕೂತಳು. ಹೊರಗೆ ಹೊಲದುದ್ದಕ್ಕೂ ಸೋಲಾರ್ ಹಲಗೆಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು.

ಹೊಲವನ್ನು ಸೋಲಾರಿನವರಿಗೆ ಕೊಟ್ಟ ಮೇಲೆ ಹಟ್ಟಿಯ ಗಂಡಸರಿಗೆ ಹೊತ್ತೇ ಹೋಗುತ್ತಿರಲಿಲ್ಲ. ಅಲ್ಲಿ ಇಲ್ಲಿ ಜಗಲಿಯ ಮೇಲೆ ಫೋನು ಹಿಡಿದು ಕೂತಿದ್ದರು. ಜ್ಯೋತಿ ಮುನಿಯಮ್ಮನ ಮನೆಯ ಎದುರಿಗಿದ್ದ ಬೇವಿನ ಕಟ್ಟೆಯ ಮೇಲೆ ಕೂತಳು. ಬಿಸಿಲಿಗೆಂದು ದುಪಟ್ಟಾವನ್ನು ಮುಖಕ್ಕೆ ಸುತ್ತಿಕೊಂಡಿದ್ದಳು. ಯಾರಾದರೂ ಕೇಳಿದರೆ ತೋರಿಸೋಣವೆಂದು ಫ್ಯಾಕ್ಟರಿಯ ನೀಲಿ ಪಟ್ಟಿಯ ಐಡಿ ಕಾರ್ಡು ಕೊರಳಲ್ಲಿತ್ತು. ಫೋನನ್ನು ಮಂಡಿಗೆ ಒರಗಿಸಿ ವಿಡಿಯೋ ತೆಗೆಯತೊಡಗಿದಳು.

ಲಿಖಿತಾ ಒಬ್ಬಳೇ ಆಡುತ್ತಿದ್ದಳು. ಒಂದು ಇಟ್ಟಿಗೆ ಚೂರಿಗೆ ಬಟ್ಟೆ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು, ಡಬ್ಬಿಯ ಮುಚ್ಚಳದಲ್ಲಿ ಮಣ್ಣು ಕಲಸಿ ತಿನ್ನಿಸುತ್ತಿದ್ದಳು. "ತಿನ್ನು, ತಿನ್ನು, ಅಮ್ಮ ಬತ್ತಳೆ." ಇಟ್ಟಿಗೆ ತಿನ್ನಲಿಲ್ಲ. ಹುಡುಗಿ ಬೇಸರವಿಲ್ಲದೆ ಇನ್ನೊಂದು ತುತ್ತು ಕಲಸಿದಳು. ಮೈಮೇಲೆ ಒಂದು ಬಾಸುಂಡೆ ಇಲ್ಲ, ಮುಖದಲ್ಲಿ ಭಯವಿಲ್ಲ. ಲಕ್ಷ್ಮೀದೇವಿಗೆ ಹೇಳಲು ಒಳ್ಳೆಯ ಸುದ್ದಿಯೇ ಸಿಕ್ಕಿತು ಎಂದು ಜ್ಯೋತಿಗೆ ನಿಜಕ್ಕೂ ಖುಷಿಯಾಯಿತು.

ಆಮೇಲೆ ಹುಡುಗಿ ತಲೆ ಎತ್ತಿದಳು. ನೀಲಿ ಪಟ್ಟಿ ಕಂಡಿತು. ಇಟ್ಟಿಗೆ ಬಿಸಾಕಿ ಓಡಿಬಂದು ಎರಡು ಕೈಯಲ್ಲೂ ಪಟ್ಟಿ ಹಿಡಿದಳು. "ಅಮ್ಮಂದು!" ಎಂದಳು. ಜ್ಯೋತಿ ಮಾತಾಡಲಿಲ್ಲ. ಹುಡುಗಿ ಕಾರ್ಡು ತಿರುಗಿಸಿ ಫೋಟೋ ನೋಡಿದಳು, ಜ್ಯೋತಿಯ ಹಿಂದೆ ಇಣುಕಿದಳು, ಬಸ್ಸು ಬರುವ ರಸ್ತೆಯ ಕಡೆ ನೋಡಿದಳು. "ಅಮ್ಮ ಎಲ್ಲವ್ಳೆ?" ಎಂದು ಕೇಳುವಾಗ ಕೆಳತುಟಿ ಅದುರುತ್ತಿತ್ತು. ಮುಟ್ಟಬಾರದಂತೆ! ಮುಟ್ಟದೆ ಇರುವುದಕ್ಕೆ ಜ್ಯೋತಿಯೇನು ಕಲ್ಲೇ? ಎತ್ತಿ ಕಂಕುಳಲ್ಲಿ ಕೂರಿಸಿಕೊಂಡಳು. ಹುಡುಗಿ ಕೊರಳು ತಬ್ಬಿ ಬಿಕ್ಕಲು ಶುರುಮಾಡಿದಳು. "ಅಮ್ಮನ್ ತಾವ ಕರ್ಕಂಡೋಗು."

"ಹ್ಞೂ ಕಣ್ ಬಂಗಾರ, ಕರ್ಕೊಂಡೋಗ್ತೀನಿ. ಅಳಬೇಡ" ಎಂದಳು ಜ್ಯೋತಿ.

ಅಳುವ ಮಗುವಿಗೆ ಎಲ್ಲರೂ ಹೇಳುವ ಸುಳ್ಳು ಅದು. ನೀವೂ ಹೇಳಿದ್ದೀರಿ, ನಾನೂ ಹೇಳಿದ್ದೇನೆ. ಆದರೆ ಆ ಹೊತ್ತಿಗೆ ಸರಿಯಾಗಿ ಬಿಂದಿಗೆ ಹೊತ್ತ ಒಬ್ಬಳು ಕಟ್ಟೆಯ ಪಕ್ಕದಲ್ಲೇ ಹಾದುಹೋಗುತ್ತಿದ್ದಳು. ಅವಳಿಗೆ ಕೇಳಿದ್ದು ಅಷ್ಟೇ ಮಾತು, ಕಂಡಿದ್ದು ಬಟ್ಟೆ ಸುತ್ತಿದ ಮುಖ. ಬಿಂದಿಗೆ ನೆಲಕ್ಕೆ ಬಿತ್ತು.

"ಮುನಿಯಕ್ಕೋ! ನಿನ್ ಮೊಮ್ಮಗಳ್ನ ಹೊತ್ಕಂಡೋಯ್ತಾವ್ಳೆ ಬಾರೇ! ಪಿಲ್ಲಲ ದೊಂಗ! ಮಕ್ಕಳ್ ಕಳ್ಳಿ!"

ಎಲ್ಲಿದ್ದರೋ ಅಷ್ಟು ಜನ. ಜ್ಯೋತಿ ಕಟ್ಟೆಯಿಂದ ಇಳಿಯುವಷ್ಟರಲ್ಲಿ ಸುತ್ತ ಗೋಡೆ ಕಟ್ಟಿದ ಹಾಗೆ ನಿಂತಿದ್ದರು. ಮುನಿಯಮ್ಮ ಸೆರಗು ಜಾರಿದ್ದೂ ಗೊತ್ತಾಗದೆ ಓಡಿಬಂದಳು. "ಎವುರೇ ನುವ್ವು? ಯಾರೇ ನೀನು, ಯಾವೂರೇ ನಿಂದು? ಪಾಪನ್ ಇಳ್ಸೇ ಕೆಳಿಕ್ಕೆ!" ಜ್ಯೋತಿ ದುಪಟ್ಟಾ ಕಿತ್ತು ಮುಖ ತೋರಿಸಿದಳು. "ಅಮ್ಮಾ, ನಾನು ನಿಮ್ಮ ಸೊಸೆ ಜೊತೆ ಕೆಲಸ ಮಾಡೋಳು. ಲಕ್ಷ್ಮೀದೇವೀನೇ ಕಳಿಸಿದ್ದು. ಫೋನ್ ಮಾಡಿ ಕೇಳಿ" ಎಂದಳು.

ಕೇಳಲು ಮಾಡಿದರು ಕೂಡ. ಲಕ್ಷ್ಮೀದೇವಿಯ ಮೈದುನ ಯುವರಾಜ್ ತನ್ನ ಫೋನಿನಿಂದ ಮಾಡಿದ. ರಿಂಗಾಯಿತು, ರಿಂಗಾಯಿತು, ನಿಂತಿತು. ಶಿಪ್‌ಮೆಂಟ್ ಇದೆಯೆಂದು ಅವತ್ತು ಭಾನುವಾರವೂ ಓಟಿ ದುಡಿಮೆ. ಓಟಿಯ ದಿನ ಫ್ಯಾಕ್ಟರಿಯ ಹೆಂಗಸರ ಫೋನುಗಳೆಲ್ಲ ಗೇಟಿನ ಲಾಕರಿನಲ್ಲಿ ಇರುತ್ತವೆ. ಅದನ್ನು ಜ್ಯೋತಿ ಹೇಳಿದರೆ ನಂಬುವವರು ಯಾರು? "ಅತ್ಗೆ ಕಳ್ಸಿದ್ರೆ ಅಮ್ಮಂಗ್ ಯೋಳ್ದೆ ಕಳ್ಸ್ತಾರೇನೇ?" ಎಂದ ಯುವರಾಜ್. ಅದಕ್ಕೆ ಜ್ಯೋತಿಯ ಬಳಿ ಇದ್ದ ಉತ್ತರ ಮೇಷ್ಟ್ರು ಹೇಳಿದ ಉತ್ತರ. ಅದನ್ನೂ ಹೇಳಿದಳು. ಓದೋದಕ್ಕೆ ಬಂದೆ, ಮಗು ಹೇಗಿರುತ್ತೆ ಅಂತ ನೋಡೋದಕ್ಕೆ, ಮುಂಚೆ ಹೇಳಬಾರದು ಅಂತ ರೂಲ್ಸು. ಜನ ಕೇಕೆ ಹಾಕಿ ನಕ್ಕರು. ಮಕ್ಕಳನ್ನು ನೋಡುವುದೂ ಒಂದು ಓದೇ?

"ಬಾರೇ ಪಾಪಾ" ಎಂದು ಮುನಿಯಮ್ಮ ಕೈ ಚಾಚಿದಳು. ಲಿಖಿತಾ ಹೋಗಲಿಲ್ಲ. ಜ್ಯೋತಿಯ ಕೊರಳನ್ನು ಇನ್ನೂ ಬಿಗಿಯಾಗಿ ಅಪ್ಪಿ, "ಬರಾಕಿಲ್ಲ! ನಾನು ಅಮ್ಮನ್ ತಾವ ಓಯ್ತೀನಿ, ಇವ್ಳು ಕರ್ಕಂಡೋಯ್ತಳೆ" ಎಂದು ಕಿರುಚಿದಳು. ಇನ್ನೇನು ಬೇಕು? "ಮಗೀಗೆ ಮಂಕುಬೂದಿ ಎರ್ಚವ್ಳೆ ಕಣ್ರೋ!" ಎಂದು ಹಿಂದಿನಿಂದ ಒಂದು ದನಿ ಬಂತು. ಬಿದಿರ ಗಳು ಎದ್ದಿತು. "ಅಯ್ಯೋ ವಡೀಬ್ಯಾಡ್ರೋ, ಪಾಪಂಗ್ ಬಿದ್ದಾತು!" ಎಂದು ಮುನಿಯಮ್ಮ ಅಡ್ಡ ನಿಂತಳು. ಗಳು ಹಾಗೇ ಗಾಳಿಯಲ್ಲಿ ನಿಂತಿತು.

ಜ್ಯೋತಿಗೆ ಆಗ ಅರ್ಥವಾಯಿತು. ಮಗು ಕಂಕುಳಲ್ಲಿರುವ ತನಕ ತನ್ನ ಮೇಲೆ ಏಟು ಬೀಳುವುದಿಲ್ಲ. ಟೀ ಬಿಡುವಿನಲ್ಲಿ ಲಕ್ಷ್ಮೀದೇವಿ ಗೇಟಿಗೆ ಬರುತ್ತಾಳೆ, ಫೋನು ನೋಡುತ್ತಾಳೆ. ಅಲ್ಲಿಯವರೆಗೆ ಹಿಡಿದುಕೊಂಡರೆ ಸಾಕು, ಜೀವ ಉಳಿಯುತ್ತದೆ. ಬೆನ್ನನ್ನು ಬೇವಿನ ಮರಕ್ಕೆ ಒತ್ತಿ, ಮಗುವನ್ನು ಎದೆಗೆ ಒತ್ತಿ ನಿಂತಳು. ಇದ್ದ ದೇವರಿಗೆಲ್ಲ ಹರಕೆ ಹೊತ್ತಳು.

ಯುವರಾಜ್ ಪಕ್ಕದಿಂದ ಬಂದು ಲಿಖಿತಾಳ ಬಲಗೈ ಹಿಡಿದು ಎಳೆದ. ಜ್ಯೋತಿ ಸೊಂಟ ಹಿಡಿದುಕೊಂಡಳು. ಅವನು ಕಾಲೂರಿ ಇನ್ನೂ ಜೋರಾಗಿ ಎಳೆದ. ಹುಡುಗಿಯ ಕೂಗು ಬದಲಾಯಿತು. ಹಟದ ಕೂಗು ಬೇರೆ, ನೋವಿನ ಕೂಗು ಬೇರೆ. ಆ ತಗಡಿನ ಕೋಣೆಯಲ್ಲಿ ಎರಡನ್ನೂ ಸಾಕಷ್ಟು ಕೇಳಿದ್ದ ಜ್ಯೋತಿಗೆ ಇದು ನೋವಿನದೆಂದು ತಿಳಿಯಿತು. ಒಮ್ಮೆ ಕ್ರೆಷ್‌ನಲ್ಲಿ ಅಪ್ಪನೊಬ್ಬ ಮಗನನ್ನು ಹೀಗೇ ಎಳೆದಿದ್ದ, ಮೊಳಕೈ ಕೀಲು ಕಳಚಿಕೊಂಡಿತ್ತು. "ಎಳೀಬೇಡ್ವೋ! ಮಗು ಕೈ ಹೋಗತ್ತೆ, ಬಿಡೋ ಪಾಪಿ!" ಎಂದು ಅರಚಿದಳು. "ನೀನ್ ಬುಡೇ ಮೊದ್ಲು!" ಎಂದು ಅವನು ಮತ್ತೆ ಎಳೆದ. ಅವನು ಬಿಡುವವನಲ್ಲ. ಪೆದ್ದ, ಪ್ರೀತಿಯಿಂದಲೇ ಎಳೆಯುತ್ತಿದ್ದ.

ಜ್ಯೋತಿ ಬಿಟ್ಟಳು. ಸುಮ್ಮನೆ ಬಿಟ್ಟರೆ ಆಗುತ್ತಿರಲಿಲ್ಲ, ಹುಡುಗಿಯ ಎಡಗೈ ಕೊರಳಿಗೆ ಸುತ್ತಿತ್ತು. ಒಂದೊಂದೇ ಬೆರಳು ಬಿಡಿಸಿ ಮಗುವನ್ನು ಅವನ ಕಡೆಗೆ ದಾಟಿಸಿದಳು.

"ನೋಡುದ್ರಾ, ಬುಟ್ಬುಟ್ಲು!" ಎಂದಿತು ಗುಂಪು. "ಕಳ್ಳಿ ಅಲ್ದಿದ್ರೆ ಯಾಕ್ ಬುಡೋಳು? ವದಲೊದ್ದು ರಾ, ಬುಡ್ಬ್ಯಾಡ, ಹಿಡ್ಕಳ್ಳೋ ಅವ್ಳ್ನ!"

ಮೊದಲ ಏಟು ಮುನಿಯಮ್ಮನದೇ, ಚಪ್ಪಲಿಯಲ್ಲಿ, ಕಪಾಳಕ್ಕೆ. ಎರಡನೆಯದು ಗಳುವಿನದು, ಹೆಗಲಿಗೆ. ಆಮೇಲಿನದು ಯಾರದು ಯಾವುದು ಎಂದು ಹೇಳಲು ಬಾರದು. ಜುಟ್ಟು ಹಿಡಿದು ಕೆಡವಿದರು. ಹೆಂಗಸರು ಉಗಿದರು, ಗಂಡಸರು ಒದ್ದರು. ಯಾವನೋ ಕಲ್ಲಲ್ಲಿ ಬಾಯಿಗೆ ಕುಟ್ಟಿದ, ಮುಂದಿನ ಹಲ್ಲು ನಾಲಿಗೆಯ ಮೇಲೆ ಬಂತು. ಜ್ಯೋತಿಯೇನೂ ಸುಮ್ಮನೆ ಸಾಯಲು ತಯಾರಿರಲಿಲ್ಲ. ಸಿಕ್ಕಿದ ಕಾಲನ್ನು ಕಚ್ಚಿದಳು, ಅದು ಯುವರಾಜನ ಕಾಲು. ಅವನು ಅರಚಿ, ಮಗುವನ್ನು ತನ್ನ ತಾಯಿ ಮುನಿಯಮ್ಮನ ಕೈಗೆ ಕೊಟ್ಟು, ಜ್ಯೋತಿಯ ಎಡಗೈಯನ್ನು ನೆಲಕ್ಕೆ ಮೆಟ್ಟಿ ಹಿಮ್ಮಡಿ ತಿರುವಿದ. ಮೂಳೆ ಮುರಿದದ್ದು ಅವಳ ಕಿವಿಗೇ ಕೇಳಿಸಿತು. ಎಳೆದುಕೊಂಡು ಹೋಗಿ ಲೈಟುಕಂಬಕ್ಕೆ ಅವಳದೇ ದುಪಟ್ಟಾದಿಂದ ಕಟ್ಟಿದರು. ಒಂದು ಏಟಿಗೆ ಒಂದು ಕೇಕೆ. ಅಜ್ಜಿಯ ಸೊಂಟದ ಮೇಲೆ ಕೂತು ಲಿಖಿತಾ ಎಲ್ಲವನ್ನೂ ನೋಡುತ್ತಿದ್ದಳು. ಈಗ ಅಳುತ್ತಿರಲಿಲ್ಲ.

ಯುವರಾಜ್ ಕೆಳಗೆ ಬಿದ್ದಿದ್ದ ಅವಳ ಫೋನು ಎತ್ತಿಕೊಂಡ. ವಿಡಿಯೋ ಇನ್ನೂ ಓಡುತ್ತಿತ್ತು. "ನೋಡ್ರಪ್ಪಾ, ನಮ್ ಪಾಪನ್ ವಿಡಿಯೋ ತೆಗ್ದವ್ಳೆ! ಗ್ಯಾಂಗಿಗೆ ಕಳ್ಸಾಕೆ!" ಎಂದು ಎತ್ತಿ ತೋರಿಸಿದ. ಮತ್ತೆ ಒಂದು ಸುತ್ತು ಬಿತ್ತು. ಜ್ಯೋತಿಯ ಬಲಗಣ್ಣು ಮುಚ್ಚಿಹೋಯಿತು. ಸಾಯುವುದು ಹೀಗೆ ಎಂದು ಅವಳಿಗೆ ಖಾತ್ರಿಯಾಯಿತು. ಕೊರಟಗೆರೆಯಲ್ಲಿ ಗಂಡ, ಅತ್ತೆಗೆ ಯಾರು ಹೇಳುತ್ತಾರೋ, ಏನಂತ ಹೇಳುತ್ತಾರೋ ಎಂದುಕೊಂಡಳು.

ಅಷ್ಟರಲ್ಲಿ ಯುವರಾಜನ ಕೈಯಲ್ಲೇ ಅವಳ ಫೋನು ಹೊಡೆದುಕೊಂಡಿತು. 'ಟೈಲರ್ ಎಲ್.ಡಿ.' ಎಂದು ಹೆಸರು ಬಂತು. "ಬಂತು ಗ್ಯಾಂಗಿಂದು!" ಎಂದು ಅವನು ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ ಮೇಲೆತ್ತಿ ಹಿಡಿದ. ಗುಂಪು ಸದ್ದಡಗಿ ಕಿವಿಗೊಟ್ಟಿತು.

"ಜ್ಯೋತಕ್ಕಾ, ಕಂಡ್ಲಾ ನನ್ ಮಗ್ಳು? ಹೆಂಗವ್ಳೆ? ಊಟ ಮಾಡುದ್ಲಾ? ಬೇಗ ಯೋಳಕ್ಕ, ಬೆಲ್ ಹೊಡೀತಾರೆ."

ಆ ದನಿ ಹಟ್ಟಿಯಲ್ಲಿ ಯಾರಿಗೆ ಗೊತ್ತಿಲ್ಲ? "ಅಮ್ಮಾ!" ಎಂದಳು ಲಿಖಿತಾ. ಗಳು ಹಿಡಿದವನು ಗಳುವನ್ನು ಬೇಲಿಯಾಚೆ ಬಿಸಾಕಿದ. ಉಗಿದವರು ಬಾಯಿ ಒರೆಸಿಕೊಂಡರು. ಒಬ್ಬೊಬ್ಬರಾಗಿ ಎಲ್ಲರಿಗೂ ಮನೆಯಲ್ಲಿ ಕೆಲಸ ನೆನಪಾಯಿತು. ಥೂ! ಬಡಿಯಲು ಊರಿಗೆ ಊರೇ ಬಂದಿತ್ತು, ಕಟ್ಟು ಬಿಚ್ಚಲು ಒಬ್ಬರೂ ಇರಲಿಲ್ಲ. ಕೊನೆಗೆ ಮುನಿಯಮ್ಮನೇ ಮಗುವನ್ನು ಕೆಳಗಿಳಿಸಿ, ಗಂಟು ಬಿಚ್ಚಿದಳು.

ಪಾವಗಡದ ಆಸ್ಪತ್ರೆಯಲ್ಲಿ ಜ್ಯೋತಿಯ ಬಾಯಿಗೆ ಹೊಲಿಗೆ ಹಾಕಿದರು, ಕೈಗೆ ಪಟ್ಟಿ ಕಟ್ಟಿದರು. ಮಾರನೆಯ ದಿನ ಬೆಳಿಗ್ಗೆ ಹೇಳಿಕೆ ತೆಗೆದುಕೊಳ್ಳಲು ಪೊಲೀಸಿನವರು ಬಂದು ವರಾಂಡದಲ್ಲಿ ಕಾಯುತ್ತಿದ್ದರು. ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದ ಗಂಡ ಔಷಧಿ ತರಲು ಹೋಗಿದ್ದ. ಅವರಿಗಿಂತ ಮುಂಚೆ ಲಕ್ಷ್ಮೀದೇವಿ ಮಗಳನ್ನು ಎತ್ತಿಕೊಂಡು ಒಳಗೆ ಬಂದಳು. ಹಿಂದೆ ಮುನಿಯಮ್ಮ. ಲಕ್ಷ್ಮೀದೇವಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. "ಅಕ್ಕಾ, ನಾನೇ ನಿನ್ನ ಕಳ್ಸಿ ಕೊಂದ್ಬುಟ್ಟೆ. ಬೇಕಾದ್ರೆ ನನ್ನ ವಡ್ದಾಕು" ಎಂದಳು. ಆಮೇಲೆ ದನಿ ಇಳಿಸಿ, "ಯುವರಾಜನ್ ಎಸ್ರು ಮಾತ್ರ ಯೋಳ್ಬ್ಯಾಡಕ್ಕ. ಅವ್ನು ಒಳಗೋದ್ರೆ ಈ ಮುದುಕಿ, ನನ್ ಮಗ್ಳು ಇಬ್ರಿಗೂ ಗಂಡ್ ದಿಕ್ಕಿಲ್ಲ" ಎಂದಳು.

ಮುನಿಯಮ್ಮ ಮಂಚದ ತುದಿಯಲ್ಲಿ ಜ್ಯೋತಿಯ ಕಾಲು ಹಿಡಿದಳು. "ಯಾಕ್ ಬುಟ್ಟೆ ತಾಯೀ ಪಾಪನ್ನ? ನೀನು ಎತ್ಕಂಡೇ ಇದ್ದಿದ್ರೆ ಯಾರೂ ವಡೀತಿರ್ನಿಲ್ವಲ್ಲ. ಬುಟ್ಟಿದ್ಕೇ ಕಳ್ಳಿ ಅಂದ್ಕಂಡ್ವಿ ಕಣಮ್ಮಾ."

"ಅವಳ ಕೈ" ಎಂದಳು ಜ್ಯೋತಿ. ಹೊಲಿಗೆ ಹಾಕಿದ ಬಾಯಿಂದ ಅದಕ್ಕಿಂತ ಹೆಚ್ಚು ಬರಲಿಲ್ಲ. ಮುನಿಯಮ್ಮ ಮೊಮ್ಮಗಳ ಬಲಗೈಯನ್ನು ನೋಡಿದಳು. ಅದು ಸರಿಯಾಗೇ ಇತ್ತು. ಮುದುಕಿ ಮುಖ ಮುಚ್ಚಿಕೊಂಡು ಹೋ ಎಂದು ಅತ್ತಳು. ಜ್ಯೋತಿಯ ಮನಸ್ಸು ಕರಗಿತು. ಹೋಗಲಿ, ಎಲ್ಲೋ ಬಿದ್ದೆ ಎಂದೋ, ಯಾರು ಹೊಡೆದರೋ ಗೊತ್ತಿಲ್ಲ ಎಂದೋ ಹೇಳಿಬಿಡೋಣ ಎನಿಸಿತು. ಇಷ್ಟು ವರ್ಷ ಮಕ್ಕಳ ತಾಯಂದಿರ ಜೊತೆ ಬಾಳಿದವಳು, ಗೆಳತಿಯ ಸಂಸಾರ ಮುರಿದು ತಾನೇನು ಕಟ್ಟಬೇಕು?

ಲಿಖಿತಾ ತಾಯಿಯ ತೊಡೆಯಿಂದ ಇಳಿದಳು. ಮಂಚದ ಹತ್ತಿರ ಬಂದು ಊದಿದ ಮುಖವನ್ನು ದಿಟ್ಟಿಸಿ ನೋಡಿದಳು. ನೋಡಿ ಗುರುತು ಹಿಡಿದಳು. ಬಗ್ಗಿ ತನ್ನ ಕಾಲಿನ ಪುಟ್ಟ ಚಪ್ಪಲಿ ತೆಗೆದಳು.

"ಕಳ್ಳಿ!" ಎಂದು ಜ್ಯೋತಿಯ ಪಟ್ಟಿ ಕಟ್ಟಿದ ಕೈಯ ಮೇಲೆ ಬಲವಾಗಿ ಹೊಡೆದಳು. ಹೊಡೆದು, ಕಣ್ಣರಳಿಸಿ ತಾಯಿಯ ಕಡೆ, ಅಜ್ಜಿಯ ಕಡೆ ನೋಡಿದಳು. ಎಲ್ಲರೂ ಕೇಕೆ ಹಾಕುತ್ತಾರೆ ಎಂದು ಕಾಯುತ್ತಾ ನಿಂತಳು.

ಯಾರೂ ಕೇಕೆ ಹಾಕಲಿಲ್ಲ. ಅವಳೇ ಕೇಕೆ ಹಾಕಿ ಮತ್ತೊಮ್ಮೆ ಚಪ್ಪಲಿ ಎತ್ತಿದಳು.

"ಮುಂಡೇದೇ!" ಎಂದು ಮುನಿಯಮ್ಮ ಮೊಮ್ಮಗಳ ಬೆನ್ನಿಗೆ ಬಿಗಿಯಲು ಕೈ ಬೀಸಿದಳು. ಏಟು ಬೀಳಲಿಲ್ಲ. ಜ್ಯೋತಿ ಎದ್ದು ಕೂತು ಬಲಗೈಯಿಂದ ಮುದುಕಿಯ ಮಣಿಕಟ್ಟನ್ನು ಗಬಕ್ಕನೆ ಹಿಡಿದಿದ್ದಳು. ಎದ್ದ ರಭಸಕ್ಕೆ ತುಟಿಯ ಹೊಲಿಗೆ ಬಿಟ್ಟು ರಕ್ತ ಗದ್ದಕ್ಕಿಳಿಯಿತು. ನೋವಿಗೆ ಕಣ್ಣಲ್ಲಿ ನೀರು ಬಂತು, ಆದರೂ ಹಿಡಿತ ಸಡಿಲಿಸಲಿಲ್ಲ.

"ಇವಳನ್ನ ಹೊಡೀಬೇಡಿ" ಎಂದಳು. ಒಂದೊಂದು ಮಾತಿಗೂ ರಕ್ತ ಬರುತ್ತಿತ್ತು. "ಇವಳು ನೋಡಿದ್ದನ್ನ ಮಾಡ್ತಿದ್ದಾಳೆ. ಹೊಡೆದ್ರೆ ಜನ ಮೆಚ್ಚುತ್ತಾರೆ ಅಂತ ನಿಮ್ಮೂರು ಕಲಿಸಿ ಕಳಿಸಿದೆ." ಆಮೇಲೆ ಗೆಳತಿಯ ಕಡೆ ತಿರುಗಿದಳು. "ಲಕ್ಷ್ಮೀ, ಪೊಲೀಸ್ನೋರ್ನ ಒಳಗೆ ಕರಿ. ಕೈ ಮುರಿದೋನ ಹೆಸರು ಹೇಳ್ತೀನಿ, ಚಪ್ಪಲೀಲಿ ಹೊಡೆದೋಳ ಹೆಸರೂ ಹೇಳ್ತೀನಿ. ಹೊಡೆದೋರಿಗೆ ಏನಾಗತ್ತೆ ಅಂತಾನೂ ಈ ಮಗು ನೋಡ್ಬೇಕು."

"ಅಕ್ಕಾ..." ಎಂದಳು ಲಕ್ಷ್ಮೀದೇವಿ.

"ಕರೀತೀಯೋ, ನಾನೇ ಕೂಗ್ಲೋ?"

ಲಕ್ಷ್ಮೀದೇವಿ ಅತ್ತೆಯ ಮುಖ ನೋಡಿದಳು. ಮಗಳ ಕೈಯಲ್ಲಿ ಇನ್ನೂ ಎತ್ತಿಕೊಂಡೇ ಇದ್ದ ಚಪ್ಪಲಿಯನ್ನು ನೋಡಿದಳು. ಅದನ್ನು ಮೆಲ್ಲಗೆ ಬಿಡಿಸಿ ಮಗಳ ಕಾಲಿಗೆ ಹಾಕಿ, ಎದ್ದು ವರಾಂಡದ ಕಡೆ ಹೋದಳು.